ಎಡಗಡೆ ಸೀಟಿನ ಮೂರು ಹೊಲಿಗೆ

ಬ್ರೆಡ್ಡಿನಲ್ಲಿ ಸುತ್ತಿದ ಎರಡು ಸಾಸೇಜು ಹಿಡಿದು ನರೆಲ್ ಕಾರು ಪ್ರದರ್ಶನದ ಮೈದಾನದಲ್ಲಿ ನಿಲ್ಲಿಸಿದ್ದ ತನ್ನ ಕಾರಿನ ಹತ್ತಿರ ವಾಪಸು ಬಂದಾಗ, ತೆರೆದ ಎಡಬಾಗಿಲಿನಿಂದ ಒಬ್ಬ ಗಂಡಸಿನ ಎರಡು ಕಾಲುಗಳು ಹೊರಗೆ ಚಾಚಿಕೊಂಡಿದ್ದವು.

ತಲೆ ಸೀಟಿನ ಕೆಳಗಿತ್ತು. ಸೀಟಿನ ಮೇಲೆ ಅವಳ ಅಮ್ಮ ಎನಿಡ್, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮಹಾರಾಣಿಯಂತೆ ಕೂತಿದ್ದಳು.

"ಯಾರಮ್ಮಾ ಇದು?"

"ತೀರ್ಪುಗಾರನಂತೆ. ಇಳೀರಿ ಅಂದ. ಮಂಡಿ ನೋವು, ನಾನು ಇಳಿಯಲ್ಲ, ನೀನೇ ಬಗ್ಗಪ್ಪಾ ಅಂದೆ."

ಆತ ಟಾರ್ಚು ಆರಿಸಿ, ಮಂಡಿಗೆ ಅಂಟಿದ ಹುಲ್ಲು ಕೊಡವಿಕೊಂಡು ಎದ್ದು ನಿಂತ. ಐವತ್ತರ ಹತ್ತಿರದ ವಯಸ್ಸು. ಬಿಸಿಲಿಗೆ ಕೆಂಪಾದ ಕುತ್ತಿಗೆ, ದಾರ ಕಟ್ಟಿ ನೇತುಹಾಕಿದ ಕನ್ನಡಕ. ನರೆಲ್‌ಳ ಮುಖವನ್ನೂ ನೋಡದೆ ಹಲಗೆಯ ಮೇಲಿದ್ದ ಹಾಳೆಯಲ್ಲಿ ಏನೋ ಬರೆದುಕೊಂಡ.

"ಈ ಸೀಟನ್ನ ಯಾರೋ ಬಿಚ್ಚಿ ಮತ್ತೆ ಹೊಲಿದಿದ್ದಾರೆ. ಕಾರ್ಖಾನೆ ಕೆಲಸ ಅಲ್ಲ ಇದು."

ನರೆಲ್‌ಗೆ ಕಪಾಳಕ್ಕೆ ಹೊಡೆದಂತಾಯಿತು. ಸಾಸೇಜಿನಿಂದ ಸಾಸು ತೊಟ್ಟಿಕ್ಕಿ ಅವಳ ಶೂ ಮೇಲೆ ಬಿದ್ದದ್ದೂ ಗೊತ್ತಾಗಲಿಲ್ಲ.

"ಆ ಸೀಟು ಹೊಲಿದವರು ಅದರ ಮೇಲೇ ಕೂತಿದಾರೆ," ಎಂದಳು. "ಒಂದು ಸಲ ಮುಖ ನೋಡಿ ಹೇಳಿ, ಅವರು ಸುಳ್ಳು ಹೇಳ್ತಿದಾರೆ ಅಂತ."

ಆತ ಎನಿಡ್‌ಳ ಕಡೆ ನೋಡಿದ. ಆಮೇಲೆ ನರೆಲ್‌ಳ ಕಡೆ. ಒಂದು ಕ್ಷಣ ಅವನ ಪೆನ್ನು ತಡೆಯಿತು... ಅಷ್ಟೇ. ಒಂಬತ್ತು ಅಂಕ ಕಳೆದು, ಹಾಳೆಯ ಕೆಳಗೆ ಸಹಿ ಹಾಕಿ, ಮುಂದಿನ ಕಾರಿಗೆ ಹೋದ.

ಸಹಿಯನ್ನು ನರೆಲ್ ಓದಿದಳು. ಕ್ಲೆಮ್ ನಾಸ್ಕಿ.

ಓಹೋ, ಅವನೇ ಇವನು!

ಆ ಹೆಸರು ಗಾಲರ್ ಊರಿನ ಸುತ್ತಮುತ್ತ ಕಾರಿನ ಹುಚ್ಚಿದ್ದವರಿಗೆಲ್ಲ ಗೊತ್ತಿತ್ತು. ಕಾರು ಕ್ಲಬ್ಬಿನ ಪತ್ರಿಕೆಯಲ್ಲಿ ಆತ ತಿಂಗಳು ತಿಂಗಳು ಬರೆಯುತ್ತಿದ್ದ. ಇವತ್ತು ರಸ್ತೆಯಲ್ಲಿರುವ ಕಾರುಗಳಲ್ಲಿ ನಾಳೆ ಯಾವುದು ಕ್ಲಾಸಿಕ್ ಆಗುತ್ತದೆ, ಯಾವುದು ಗುಜರಿಗೆ ಹೋಗುತ್ತದೆ ಎಂದು ಜ್ಯೋತಿಷಿಯಂತೆ ಹೇಳುತ್ತಿದ್ದ. ಕಡಿಮೆ ತಯಾರಾಗಿರಬೇಕು, ಕಡಿಮೆ ಓಡಿರಬೇಕು, ಯಾರೂ ಕೈ ಹಚ್ಚಿರಬಾರದು ಎಂಬುದು ಅವನ ಮೂರು ಸೂತ್ರ. ಮನೆಮಂದಿಯ ಸಾಧಾರಣ ಸೆಡಾನುಗಳ ಬಗ್ಗೆ ಒಮ್ಮೆ ಆತ ಬರೆದಿದ್ದ ಸಾಲು ನರೆಲ್‌ಗೆ ಬಾಯಿಪಾಠವಾಗಿತ್ತು: ಇವು ತರಕಾರಿ ತರುವುದಕ್ಕೆ ಹುಟ್ಟಿದವು, ತರಕಾರಿ ತರುತ್ತಲೇ ಸಾಯುತ್ತವೆ.

ಆ ವರ್ಷದ ಪ್ರದರ್ಶನಕ್ಕೆ ಮಾಮೂಲಿಗಿಂತ ಹೆಚ್ಚು ತೂಕವಿತ್ತು. ಬೆಟ್ಟದ ಮೇಲಿನ ವಾಹನ ಸಂಗ್ರಹಾಲಯದವರು ಹೊಸ ಅಂಗಳ ಕಟ್ಟಿಸುತ್ತಿದ್ದರು. ಐವತ್ತು ವರ್ಷದ ಮೇಲೆ ಜನ ನಿಂತು ನೋಡಬೇಕಾದ ಐದು ಈಗಿನ ಕಾರುಗಳನ್ನು ಅಲ್ಲಿಡಬೇಕೆಂದಿದ್ದರು. ಜಪಾನಿನ ಪುಟ್ಟ ಸ್ಪೋರ್ಟ್ಸ್ ಕಾರು, ಮೊದಮೊದಲ ಎಲೆಕ್ಟ್ರಿಕ್ ಕಾರು ಹೀಗೆ ನಾಲ್ಕು ತೀರ್ಮಾನವಾಗಿದ್ದವು. ಐದನೆಯದು, ಪಕ್ಕದ ಎಲಿಜಬೆತ್ ಊರಿನ ಕಾರ್ಖಾನೆ ಮುಚ್ಚುವ ಮುಂಚೆ ಅಲ್ಲೇ ತಯಾರಾದ ಕೊನೆಯ ಕಾಮಡೋರ್ ಕಾರುಗಳಲ್ಲಿ ಒಂದು.

ಕಣದಲ್ಲಿ ಉಳಿದದ್ದು ಎರಡು. ಒಂದು ಗ್ಲೆನೆಲ್ಗ್‌ನ ದಂತವೈದ್ಯರೊಬ್ಬರ ಎಂಟು ಸಿಲಿಂಡರಿನ ಕೆಂಪು ಕಾರು. ಎಂಟು ವರ್ಷದಲ್ಲಿ ನೂರಹನ್ನೆರಡು ಕಿಲೋಮೀಟರ್ ಓಡಿತ್ತು, ಸೀಟಿನ ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ. ಇನ್ನೊಂದು ನರೆಲ್‌ಳ ಬಿಳಿ ಆರು ಸಿಲಿಂಡರ್. ಅದರಲ್ಲಿ ಎನಿಡ್ ಆಸ್ಪತ್ರೆಗೆ ಹೋಗಿದ್ದಳು, ನಾಯಿ ಮರಿ ಹಾಕಿತ್ತು, ನರೆಲ್ ತನ್ನ ವಿಚ್ಛೇದನದ ಕಾಗದಕ್ಕೆ ಅದರ ಸ್ಟಿಯರಿಂಗಿನ ಮೇಲೇ ಸಹಿ ಹಾಕಿದ್ದಳು.

ಕಾರ್ಖಾನೆಗೆ ಸೀಟು ಹೊಲಿದುಕೊಡುವ ಪಕ್ಕದ ಶೆಡ್ಡಿನಲ್ಲಿ ಎನಿಡ್ ಮೂವತ್ತೊಂದು ವರ್ಷ ಕೆಲಸ ಮಾಡಿದ್ದಳು. ನರೆಲ್ ಅವಳ ಪಕ್ಕದ ಯಂತ್ರದಲ್ಲಿ ಹದಿನಾರು ವರ್ಷ. ಕಾರ್ಖಾನೆ ಬಾಗಿಲು ಹಾಕುವ ಕೊನೆಯ ವಾರ, ತನ್ನ ಮೇಜಿನಿಂದ ಹೋಗುವ ಪ್ರತಿ ಎಡಗಡೆ ಸೀಟಿನ ಅಂಚಿನ ಕೆಳಗೆ, ಯಾರಿಗೂ ಕಾಣದ ಕಡೆ, ಎನಿಡ್ ಕೈಯಿಂದ ಮೂರು ಅಡ್ಡ ಹೊಲಿಗೆ ಹಾಕಿದ್ದಳು. ಯಾಕೆ ಎಂದು ಕೇಳಿದರೆ, ಸುಮ್ಮನೆ ಬಿಡೋದಕ್ಕೆ ಮನಸ್ಸು ಬರಲಿಲ್ಲ ಎನ್ನುತ್ತಿದ್ದಳು. ಆ ಹೊಲಿಗೆ ಇದ್ದ ಕಾರೊಂದನ್ನೇ ಹುಡುಕಿ ನರೆಲ್ ಕೊಂಡಿದ್ದಳು.

ಈಗ ಅವಳ ಕಣ್ಣು ಹೋಗಿತ್ತು. ಬೆಳಕು, ನೆರಳು ಬಿಟ್ಟರೆ ಏನೂ ಕಾಣದು. ಕಾರು ಹತ್ತಿದಾಗಲೆಲ್ಲ ಬೆರಳು ಇಳಿಬಿಟ್ಟು ಆ ಮೂರು ಹೊಲಿಗೆ ಮುಟ್ಟಿ ನೋಡುತ್ತಿದ್ದಳು.

ಅದನ್ನೇ ಆತ ಕಾರ್ಖಾನೆ ಕೆಲಸ ಅಲ್ಲ ಎಂದಿದ್ದ!

ಕ್ಲಬ್ಬಿನ ನವೆಂಬರ್ ಸಭೆಯಲ್ಲಿ ನರೆಲ್ ಎಲ್ಲರೆದುರು ಎದ್ದು ನಿಂತಳು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟದ್ದು ಹೇಗೂ ಉಳಿಯುತ್ತದೆ, ಅದಕ್ಕೆ ಸಂಗ್ರಹಾಲಯ ಯಾಕೆ ಬೇಕು ಎಂದು ಕೇಳಿದಳು. ಎಲ್ಲರ ಮನೆಯಲ್ಲೂ ಇದ್ದದ್ದೇ ಮೊದಲು ಕಾಣೆಯಾಗುವುದು, ಯಾಕೆಂದರೆ ಅದನ್ನು ಉಳಿಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ ಎಂದಳು. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

ಕ್ಲೆಮ್ ತಣ್ಣಗೆ ಉತ್ತರಿಸಿದ. ಕಥೆ ಚೆನ್ನಾಗಿದೆ, ಆದರೆ ತನ್ನ ಕೆಲಸ ಕಥೆಗೆ ಅಂಕ ಹಾಕುವುದಲ್ಲ, ಕಾರಿಗೆ ಹಾಕುವುದು ಎಂದ.

"ಮೊಸರಲ್ಲಿ ಕಲ್ಲು ಹುಡುಕೋರಿಗೆ ಮೊಸರಿನ ರುಚಿ ಹೇಗೆ ಗೊತ್ತಾಗತ್ತೆ," ಎಂದಳು ನರೆಲ್.

ಸಭೆ ನಕ್ಕಿತು. ಅವನ ಕಿವಿ ಕೆಂಪಾಯಿತು. ಅದನ್ನು ನೋಡಿ ಅವಳಿಗೆ ಖುಷಿಯಾಗಬೇಕಿತ್ತು... ಆಗಲಿಲ್ಲ.

ಮುಂದಿನ ವಾರ ಆತ ನೇರವಾಗಿ ಅವಳ ಶೆಡ್ಡಿಗೇ ಬಂದ. ನರೆಲ್ ಈಗ ಎಲಿಜಬೆತ್‌ನಲ್ಲಿ ಹಳೇ ಕಾರುಗಳ ಸೀಟು ಹೊಲಿದುಕೊಡುತ್ತಿದ್ದಳು. ಆತನ ಕೈಯಲ್ಲಿ ಸೀಟಿನ ಮೂಲ ನಕ್ಷೆಯ ಪ್ರತಿ ಇತ್ತು. ಮೇಜಿನ ಮೇಲೆ ಬಿಡಿಸಿ ತೋರಿಸಿದ. ಆ ಜಾಗದಲ್ಲಿ ಯಾವ ಹೊಲಿಗೆಯೂ ಇರಲಿಲ್ಲ.

ಸೀಟು ಬಿಚ್ಚಿ ಹೊಲಿಯುವುದೇ ಕಸುಬಾಗಿರುವವಳ ಕಾರಿನಲ್ಲಿ ನಕ್ಷೆಯಲ್ಲಿಲ್ಲದ ಹೊಲಿಗೆ ಸಿಕ್ಕರೆ ಬೇರೆಯವರು ಏನೆಂದುಕೊಳ್ಳುತ್ತಾರೆ ಎಂದು ಕೇಳಿದ.

ಎನಿಡ್ ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. ತಡವರಿಸುತ್ತ ಅವನಿಗೂ ಚಹಾ ಬಗ್ಗಿಸಿದಳು. ಆಮೇಲೆ ಅವನ ಕೈ ಹಿಡಿದು ಕಾರಿನ ಬಳಿ ಕರೆದೊಯ್ದು, ಅವನ ಬೆರಳನ್ನು ಆ ಹೊಲಿಗೆಯ ಮೇಲಿಟ್ಟಳು. ಆತ ತುಂಬ ಹೊತ್ತು ಬೆರಳು ತೆಗೆಯಲಿಲ್ಲ.

ನರೆಲ್‌ಗೆ ತಡೆಯಲಾಗಲಿಲ್ಲ. "ಸಾಕು. ಚಹಾ ಕುಡಿದಾಯ್ತಲ್ಲ, ಹೊರಡಿ."

ಬಾಗಿಲ ಹತ್ತಿರ ಆತ ತಿರುಗಿದ. "ನಿಮ್ಮ ಮಾತು ನಂಬಬೇಕು ಅಂತ ನನಗೆ ತುಂಬಾ ಆಸೆ ಇದೆ. ಆದ್ರೆ ಆಸೆ ಸಾಕ್ಷಿ ಆಗಲ್ಲ."

ಆ ಮಾತು ಅವಳ ಕಿವಿಯಿಂದ ಹೋಗಲೇ ಇಲ್ಲ. ಹೊಲಿಗೆ ಯಂತ್ರ ತುಳಿಯುವಾಗ, ಪಾತ್ರೆ ತೊಳೆಯುವಾಗ... ಛೆ, ಆ ದನಿಯಲ್ಲಿ ಅಷ್ಟು ಮೆದುವಾದದ್ದೇನಿತ್ತು? ಕಲ್ಲಿನಂಥ ಮನುಷ್ಯ!

ಅಲ್ಲಿನ ನಡುಬೇಸಿಗೆಯಾದ ಜನವರಿಯ ಉರಿಬಿಸಿಲಲ್ಲಿ ಒಂದು ದಿನ ಪೋರ್ಟ್ ಪಿರೀಯಿಂದ ಫೋನು ಬಂತು. ಕಾರ್ಖಾನೆ ಪಕ್ಕದ ಹಳೇ ಶೆಡ್ಡಿನಲ್ಲಿ ಜೊತೆಗಿದ್ದ ಡಾಟ್ ಎಂಬ ಗೆಳತಿ. ದಾರ ಕಟ್ಟಿದ ಕನ್ನಡಕದ ಕ್ಲಬ್ಬಿನವನೊಬ್ಬ ಮನೆಗೆ ಬಂದು, ತನ್ನ ಕಾರಿನ ಎಡಗಡೆ ಸೀಟಿನ ಕೆಳಗೆ ನುಸುಳಿ ಫೋಟೋ ತೆಗೆದುಕೊಂಡು ಹೋದ, ಯಾಕೆಂದು ಮಾತ್ರ ಬಾಯಿಬಿಡಲಿಲ್ಲ ಎಂದಳು. ಎರಡು ದಿನದ ಮೇಲೆ ಮರ್ರಿ ಬ್ರಿಜ್‌ನಿಂದಲೂ ಅದೇ ಸುದ್ದಿ.

ನರೆಲ್‌ಳ ಮೈಯೆಲ್ಲ ಉರಿದುಹೋಯಿತು.

ನಮ್ಮನ್ನೆಲ್ಲ ಕಳ್ಳಿಯರು ಅಂತ ಸಾಬೀತು ಮಾಡೋಕೆ ಹೊರಟಿದಾನೆ. ನನ್ನ ಅಮ್ಮನ ಕೈಯಲ್ಲಿ ಚಹಾ ಕುಡಿದು!

ಆ ಭಾನುವಾರ ಬೆಳಿಗ್ಗೆಯೇ ನೂರಿಯೂಟ್ಪಾ ಊರಿನ ಅವನ ಮನೆಗೆ ಹೋದಳು. ಆತ ಹಿತ್ತಲಲ್ಲಿ ಟೊಮೆಟೊ ಗಿಡಗಳಿಗೆ ನೀರು ಬಿಡುತ್ತಿದ್ದ. ಅವಳನ್ನು ಕಂಡವನೇ ಕೈಯಲ್ಲಿದ್ದ ಕೊಳವೆಯ ನೀರು ನಿಲ್ಲಿಸುವುದನ್ನೂ ಮರೆತ.

"ಎಷ್ಟು ಜನರ ಮನೆ ಹೊಕ್ಕು ಬಂದೆ?" ಬಹುವಚನ ಅವಳಿಗೆ ನೆನಪೇ ಆಗಲಿಲ್ಲ. "ಎಪ್ಪತ್ತಾರು ವರ್ಷದ ಕಣ್ಣು ಕಾಣದ ಹೆಂಗಸನ್ನ ಸುಳ್ಳುಗಾತಿ ಅನ್ನಿಸೋಕೆ ಎಷ್ಟು ಪೆಟ್ರೋಲ್ ಸುಟ್ಟೆ?"

"ಮೂವತ್ತೊಂದು ಮನೆ," ಎಂದ ಕ್ಲೆಮ್. "ಒಳಗೆ ಬಾ. ನೋಡಿದ್ಮೇಲೆ ಬೈ."

ಅಡುಗೆಮನೆಯ ಮೇಜಿನ ತುಂಬ ಫೋಟೋಗಳಿದ್ದವು. ಪ್ರತಿಯೊಂದರ ಕೆಳಗೆ ಊರು, ಕಾರಿನ ನಂಬರು, ತಯಾರಾದ ದಿನ. ವೈಯಲ್ಲಾ, ಪೋರ್ಟ್ ಆಗಸ್ಟಾ, ರೆನ್‌ಮಾರ್ಕ್... ಬೇಸಿಗೆ ರಜೆ ಶುರುವಾದಾಗಿನಿಂದ ಆತ ಕೊನೆಯ ವಾರದ ಕಾರುಗಳನ್ನೇ ಹುಡುಕಿಕೊಂಡು ರಾಜ್ಯವೆಲ್ಲ ಸುತ್ತಿದ್ದ. ಮೂವತ್ತೊಂದರಲ್ಲಿ ಹದಿನಾಲ್ಕು ಕಾರುಗಳ ಸೀಟಿನ ಕೆಳಗೆ, ಅದೇ ಜಾಗದಲ್ಲಿ, ಮೂರು ಅಡ್ಡ ಹೊಲಿಗೆ.

ನರೆಲ್ ಒಂದೊಂದೇ ಫೋಟೋ ಎತ್ತಿ ನೋಡಿದಳು.

"ಎಲ್ಲಾ ಒಂದೇ ಕಡೆಗೆ ವಾಲಿವೆ, ನೋಡು," ಎಂದ ಆತ. "ಎಡಗೈಯವರು ಹಾಕಿದ್ದು. ಅವತ್ತು ನಿಮ್ಮಮ್ಮ ಚಹಾ ಬಗ್ಗಿಸಿದ್ದೂ ಎಡಗೈಯಿಂದಾನೇ. ಆವಾಗ್ಲೇ ನನಗೆ ಅನುಮಾನ ಬಂತು. ನಾನು ತಪ್ಪು ಅಂತ."

"ಆವಾಗ್ಲೇ ಹೇಳಬಹುದಿತ್ತಲ್ಲ."

"ಅನುಮಾನ ಅಷ್ಟೇ ಇದ್ದದ್ದು. ಸಿಗದೇ ಹೋಗಿದ್ರೆ? ಆ ಮುದುಕಿ ಮನಸ್ಸಲ್ಲಿ ಆಸೆ ಹುಟ್ಟಿಸಿ ಮುರೀಲಾ?"

 ಅವಳ ಕಣ್ಣು ತುಂಬಿ ಬಂದು ಫೋಟೋಗಳು ಮಸುಕಾದವು. ಹದಿನಾಲ್ಕು ಅಪರಿಚಿತ ಕಾರುಗಳು, ಹದಿನಾಲ್ಕರಲ್ಲೂ ಅಮ್ಮನ ಬೆರಳು...

ಕಳೆದಿದ್ದ ಒಂಬತ್ತು ಅಂಕವನ್ನು ವಾಪಸು ಹಾಕಿ ವರದಿ ಕಳಿಸಿದ್ದಾಗಿ ಕ್ಲೆಮ್ ಹೇಳಿದ. ಆಮೇಲೆ, "ತೀರ್ಪುಗಾರನ ಕೆಲಸಾನೂ ಬಿಟ್ಟೆ," ಎಂದ.

"ಯಾಕೆ?"

"ನಿಯಮ ಇದೆ. ಸ್ಪರ್ಧೆಗೆ ನಿಂತವರ ಮನೇಲಿ ಮನಸ್ಸು ಇಟ್ಟವರು ಕೊನೇ ತೀರ್ಮಾನಕ್ಕೆ ಕೂರೋ ಹಾಗಿಲ್ಲ."

"ಮನಸ್ಸು ಯಾರ ಮೇಲೆ? ನಮ್ಮಮ್ಮನ ಮೇಲಾ?"

"ಅವರ ಮೇಲೂ ಇದೆ."

ಹಿತ್ತಲಲ್ಲಿ ನೀರು ಹರಿಯುತ್ತಲೇ ಇತ್ತು. ನರೆಲ್‌ಗೆ ಅವನ ಮಾತಿನ ಅರ್ಥ ಹೊಳೆಯಿತು. ಆದರೆ ಬಾಯಿಗೆ ಬಂದದ್ದು ಸಿಟ್ಟು.

"ನಿನಗೆ ತಲೆ ಇದೆಯಾ? ನಮ್ಮ ಪರ ಬಾಯಿ ತೆಗೆಯೋಕೆ ಇದ್ದೋನು ನೀನೊಬ್ಬ. ಈಗ ನಿನ್ನ ಜಾಗಕ್ಕೆ ಬರೋದು ದಂತವೈದ್ಯರ ಕಡೆಯೋನೇ. ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ. ನಾನು ಸುಮ್ಮನಿದ್ದು ಅಂಕ ಹಾಕಿದ್ರೆ, ನಾಳೆ ಯಾರಾದ್ರೂ ನಿಮ್ಮಮ್ಮನ ಹೊಲಿಗೆ ಮೇಲೆ ಮತ್ತೆ ಬೆರಳು ತೋರಿಸ್ತಾರೆ. ನನಗೆ ಅದು ಬೇಡ."

ಅವಳು ಬಾಗಿಲು ದಢಾರನೆ ಎಳೆದುಕೊಂಡು ಹೊರಟುಹೋದಳು. ಊರ ಹೊರಗೆ ದ್ರಾಕ್ಷಿ ತೋಟದ ಪಕ್ಕ ಕಾರು ನಿಲ್ಲಿಸಿ, ಸ್ಟಿಯರಿಂಗಿಗೆ ಹಣೆಯಿಟ್ಟು ಅತ್ತಳು. ಅವನ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಇಳಿಯದಿರಲಿ ಎಂದೂ ಅನ್ನಿಸಿತು. ಅದೂ ಇಳಿದರೆ ಮನಸ್ಸಿನಲ್ಲಿ ಉಳಿಯುವುದು ಏನೆಂದು ಅವಳಿಗೆ ಗೊತ್ತಿತ್ತು...

ನಡೆದದ್ದನ್ನೆಲ್ಲ ಕೇಳಿ ಎನಿಡ್ ಮಗಳಿಗೇ ಬೈದಳು. ಇಡೀ ಬೇಸಿಗೆ ನನ್ನ ಹೊಲಿಗೆ ಹುಡುಕಿಕೊಂಡು ಅಲೆದವನಿಗೆ ಒಂದು ಲೋಟ ನೀರೂ ಕುಡಿಸದೆ ಬಂದೆಯಲ್ಲ ಎಂದಳು. ಅವನ ಮನೆಗೇ ಹೋದವಳು ಹೇಗಮ್ಮಾ ಕುಡಿಸೋದು ಎಂದು ನರೆಲ್ ರೇಗಿದಳು. ಮನಸ್ಸಿದ್ದರೆ ದಾರಿ ಇರುತ್ತದೆ ಎಂದು ಎನಿಡ್ ಗೊಣಗಿದಳು.

ಆರು ವಾರ ಅವನೂ ಬರಲಿಲ್ಲ, ಇವಳೂ ಹೋಗಲಿಲ್ಲ.

ಮಾರ್ಚಿನಲ್ಲಿ ಆಯ್ಕೆ ಸಮಿತಿ ಕೂತಿತು. ದಂತವೈದ್ಯರ ಕಡೆಯವನೆಂದು ನರೆಲ್ ಹೆದರಿದ್ದ ಹೊಸ ತೀರ್ಪುಗಾರ, ಕ್ಲೆಮ್‌ನ ವರದಿಯನ್ನು ಮೊದಲಿಂದ ಕೊನೆಯವರೆಗೆ ಓದಿದನಂತೆ. ಹದಿನಾಲ್ಕನೆಯ ಫೋಟೋ ಮುಗಿಸಿ ಕನ್ನಡಕ ಒರೆಸಿಕೊಂಡನಂತೆ. ಒಮ್ಮತದಿಂದ ಬಿಳಿ ಕಾರನ್ನೇ ಆರಿಸಿದರು. ಆ ತಿಂಗಳ ಪತ್ರಿಕೆಯಲ್ಲಿ ಕ್ಲೆಮ್‌ನ ಲೇಖನ ಚಿಕ್ಕದಾಗಿತ್ತು. ನಾಳೆಯ ಕ್ಲಾಸಿಕ್ ಯಾವುದು ಎಂಬ ಬಗ್ಗೆ ತಾನು ಇಷ್ಟು ವರ್ಷ ತಪ್ಪು ಕಡೆ ನೋಡುತ್ತಿದ್ದೆ, ತೋರಿಸಿಕೊಟ್ಟವರು ಎಲಿಜಬೆತ್‌ನ ಇಬ್ಬರು ಹೆಂಗಸರು ಎಂದಷ್ಟೇ ಬರೆದಿದ್ದ.

ಕಾರು ಒಪ್ಪಿಸುವ ದಿನ ಸಂಗ್ರಹಾಲಯದವರು ಎನಿಡ್‌ಳನ್ನು ಕೊನೆಯ ಸಲ ಎಡಗಡೆ ಸೀಟಿನಲ್ಲಿ ಕೂರಿಸಿ ಒಳಗೆ ಕರೆದೊಯ್ದರು. ಕಾರಿನ ಮುಂದಿಟ್ಟ ಫಲಕದಲ್ಲಿ ಎಂಜಿನ್ನಿನ ವಿವರಕ್ಕಿಂತ ಮೊದಲು ಅವಳ ಹೆಸರಿತ್ತು. ನರೆಲ್ ಅದನ್ನು ಓದಿ ಹೇಳಿದಾಗ ಅವಳು ಮುಖ ತಿರುಗಿಸಿ, ಧೂಳು ಜಾಸ್ತಿ ಇಲ್ಲಿ ಎಂದಳು.

ಗೋಡೆಗೆ ಒರಗಿ ಎಲ್ಲರ ಹಿಂದೆ ನಿಂತಿದ್ದ ಕ್ಲೆಮ್.

ಹೊರಗೆ ಬಂದ ಮೇಲೆ ನರೆಲ್‌ಗೆ ಹೊಳೆಯಿತು, ಮನೆಗೆ ಹೋಗಲು ತಮ್ಮ ಬಳಿ ಕಾರಿಲ್ಲ! ಅವಳು ಫೋನು ತೆಗೆಯುವಷ್ಟರಲ್ಲಿ ಎನಿಡ್ ಕ್ಲೆಮ್‌ನ ತೋಳು ಹಿಡಿದು, ಅವನ ಪುಟ್ಟ ಹಸಿರು ಕಾರಿನ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಐದು ನಿಮಿಷದಲ್ಲಿ ಗೊರಕೆಯೂ ಶುರುವಾಯಿತು. ಅದು ನಿಜವಾದ ಗೊರಕೆಯೇ ಎಂಬುದು ಅವಳಿಗೇ ಗೊತ್ತು.

ಕಾರು ಬೆಟ್ಟ ಇಳಿಯತೊಡಗಿತು.

"ಅವತ್ತು ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡ್ಲಿಲ್ಲ," ಎಂದಳು ನರೆಲ್, ಕಿಟಕಿಯಾಚೆ ನೋಡುತ್ತ.

"ನಾನು ಏನೂ ಕೇಳ್ಲಿಲ್ವಲ್ಲ."

"ಅದೇ. ಅದಕ್ಕೇ ಸಿಟ್ಟು ಬಂದದ್ದು."

ಆತ ಕಾರನ್ನು ಮೆಲ್ಲಗೆ ರಸ್ತೆಬದಿಯ ನೀಲಗಿರಿ ಮರದ ನೆರಳಿಗೆ ತಂದು ನಿಲ್ಲಿಸಿದ. ಎಂಜಿನ್ ಆರಿಸಿದ. ಹಿಂದಿನ ಸೀಟಿನ ಗೊರಕೆ ಇದ್ದಕ್ಕಿದ್ದಂತೆ ನಿಂತಿತು.

"ನನ್ನ ಜೊತೆ ಇರ್ತೀಯಾ, ನರೆಲ್?"

ಅವಳು ತಿರುಗಿ ಅವನನ್ನು ನೋಡಿದಳು. ಆ ಕೆಂಪು ಕಿವಿಗಳು, ದಾರ ಕಟ್ಟಿದ ಆ ಕನ್ನಡಕ, ಉತ್ತರಕ್ಕೆ ಹೆದರಿ ಸ್ಟಿಯರಿಂಗ್ ಬಿಗಿಹಿಡಿದ ಕೈ... ಅವಳು ಆ ಕೈಯ ಮೇಲೆ ತನ್ನ ಕೈಯಿಟ್ಟಳು.

"ಇರ್ತೀನಿ. ಆದ್ರೆ ಜಗಳ ಬಿಡಲ್ಲ."

"ಬಿಡಬೇಡ," ಎಂದ ಕ್ಲೆಮ್.