ಹಿಂದಿನ ಗಾಲಿಯ ಸದ್ದು

ಹೊತ್ತು ಮುಳುಗುವುದರೊಳಗೆ ಅಪ್ಪನನ್ನು ಕಾಡಿನಿಂದ ಹೊರಗೆ ತರಬೇಕು. ಶೋಭಿತಾಳ ತಲೆಯಲ್ಲಿದ್ದದ್ದು ಇದೊಂದೇ. ಮುತ್ತತ್ತಿ ಕಾಡಿನ ಒಳಗಿನ ಶಿಬಿರದಲ್ಲಿ ಫಾರೆಸ್ಟ್ ವಾಚರ್ ಆಗಿದ್ದ ಅಪ್ಪ ನಿಂಗಯ್ಯ ಬಂಡೆಯಿಂದ ಜಾರಿ ಕಾಲು ಮುರಿದುಕೊಂಡಿದ್ದ. ಇಲಾಖೆಯ ಜೀಪು ಕಾಡ್ಗಿಚ್ಚು ಆರಿಸಲು ಬೇರೆ ದಿಕ್ಕಿಗೆ ಹೋಗಿತ್ತು. ಗೇಟು ತೆಗೆದ ಗಾರ್ಡು ಹೇಳಿದ್ದು ಒಂದೇ ಮಾತು: "ಸಂಜೆಗೆ ಆನೆಗಳು ಹಳ್ಳಕ್ಕಿಳೀತವೆ. ಅಷ್ಟ್ರಲ್ಲಿ ದಾಟ್ಬುಡಿ."

ಮಳವಳ್ಳಿ ಬಿಟ್ಟಾಗಲೇ ಅವಳ ಹಳೆಯ ಎಸ್‌ಯುವಿ ಹಿಂದುಗಡೆ ಗೊಣಗುತ್ತಿತ್ತು. ಗುಂಡಿಗಿಳಿದರೆ ಟಕ್, ಏರಿದರೆ ಟಕ್. ಡಿಕ್ಕಿಯಲ್ಲಿದ್ದ ಜಾಕಿಯೇ ಅಲ್ಲಾಡುತ್ತಿದೆ ಎಂದು ತಮ್ಮ ಪ್ರಸನ್ನ ತೀರ್ಪು ಕೊಟ್ಟು, ಅದಕ್ಕೆ ಗೋಣಿಚೀಲ ಸುತ್ತಿದ. ಸದ್ದು ಅವನ ತೀರ್ಪಿಗೆ ಕವಡೆ ಕಾಸಿನ ಕಿಮ್ಮತ್ತೂ ಕೊಡಲಿಲ್ಲ. ಶೋಭಿತಾ ಮದ್ದೂರಿನ ಐಟಿಐ ಒಂದರಲ್ಲಿ ಮೋಟಾರು ಮೆಕ್ಯಾನಿಕ್ ಪಾಠ ಹೇಳುವವಳು. ಊರ ಮಕ್ಕಳಿಗೆಲ್ಲ ಕಲಿಸಿ, ತನ್ನ ಗಾಡಿಯ ಉಸ್ತುವಾರಿಯನ್ನು ಮಾತ್ರ ತಮ್ಮನ ಕೈಗೆ ಬಿಟ್ಟಿದ್ದಳು.

ಹಲಗೂರು ದಾಟಿದ ಮೇಲೆ ಕಬ್ಬಿನ ಹಸಿರು ಹಿಂದೆ ಉಳಿಯಿತು. ಎಲೆಯುದುರಿಸಿ ನಿಂತ ಬೋಳು ಮರಗಳು, ಒಣಗಿ ಹಳದಿಯಾದ ಬಿದಿರು ಮೆಳೆಗಳು, ದೂರದ ಬೆಟ್ಟದ ಮೇಲೆ ಬೂದುಬಣ್ಣದ ಹೊಗೆ. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಅಷ್ಟು ದೊಡ್ಡ ಕಾಡಿನಲ್ಲಿ ಬಾಯಿಬಿಟ್ಟಿದ್ದು ಅವರ ಗಾಡಿಯೊಂದೇ.

ಶಿಬಿರದಲ್ಲಿ ನಿಂಗಯ್ಯನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಗಾಡಿ ಹೊರಟಿತು. ಪ್ರತಿ ಸದ್ದಿಗೂ ಅವನ ಮುರಿದ ಕಾಲು ಅದುರುತ್ತಿತ್ತು. ಅವನು ಹಲ್ಲು ಕಚ್ಚಿ ಸಹಿಸಿದ. ಮಗಳು ಗುಂಡಿ ತಪ್ಪಿಸಿ ತಪ್ಪಿಸಿ ಓಡಿಸಿದಳು.

ಹಳ್ಳದ ಇಳಿಜಾರು ಎದುರಾದಾಗ ಸದ್ದು ಬದಲಾಯಿತು. ಟಣ್! ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು.

ಶೋಭಿತಾ ಬ್ರೇಕು ಒತ್ತಿ ಎಂಜಿನ್ ಆರಿಸಿದಳು.

ಗಾಡಿ ನಿಂತಿತು. ಸದ್ದು ನಿಲ್ಲಲಿಲ್ಲ.

ಟಕ್. ಎಡಗಡೆಯ ಬಿದಿರು ಮೆಳೆಯಿಂದ. ಮತ್ತೆ ಟಕ್.

"ಆನೆ ಕಣವ್ವ," ನಿಂಗಯ್ಯ ಪಿಸುಗುಟ್ಟಿದ. "ಬಿದ್ರು ಮುರೀತಾ ಅದೆ. ನಮ್ ಗಾಡಿ ಗದ್ಲದಲ್ಲಿ ಕೇಳ್ನೇ ಇಲ್ಲ."

"ಓಡ್ಸಕ್ಕ, ಓಗ್ಬುಡಣ!" ಎಂದ ಪ್ರಸನ್ನ.

"ಅಡೀಲಿ ಏನೋ ಬ್ರೇಕ್ ಪೈಪ್‌ಗೇ ಬಡೀತಿದ್ರೆ? ಇಳಿಜಾರಲ್ಲಿ ಬ್ರೇಕ್ ಓದ್ರೆ ಮೂರು ಜನಾನೂ ಬಂಡೆ ಮ್ಯಾಲೆ. ಇಳಿ. ಹಿಂದ್ಗಡೆ ಬಂಪರ್ ಅದುಮಿ ಅದುಮಿ ಬುಡು. ಮೆತ್ತಗೆ."

ಅವಳು ಗಾಡಿಯಡಿಗೆ ತೆವಳಿದಳು. ತಮ್ಮ ಅದುಮಿದಂತೆಲ್ಲ ಒಂದೊಂದು ಕೀಲಿನ ಮೇಲೂ ಅಂಗೈ ಇಟ್ಟು ನೋಡಿದಳು. ಸ್ಪ್ರಿಂಗು ತೆಪ್ಪಗಿತ್ತು. ಅಡ್ಡದ ರಾಡೂ ತೆಪ್ಪಗಿತ್ತು. ಎಡಗಡೆ ಶಾಕ್ ಅಬ್ಸಾರ್ಬರಿನ ಕೆಳತುದಿ ಅಂಗೈಗೆ ಫಟ್ಟನೆ ಗುದ್ದಿತು. ಅದರ ಬಳೆಯೊಳಗೆ ಬಡಿತ ತಡೆಯಲೆಂದು ಇದ್ದ ರಬ್ಬರ್ ಬುಷ್ ಬೆಂದ ಬದನೆಕಾಯಿಯಂತೆ ಕಿತ್ತುಬಂತು. ಪಕ್ಕದ ಬ್ರೇಕ್ ಪೈಪಿನ ಮೇಲೆ ಹೊಸ ಗೀರು ಹೊಳೆಯುತ್ತಿತ್ತು. ಮೂಗಿಗೆ ಡೀಸೆಲ್ ವಾಸನೆ ಬಡಿಯಿತು.

"ಲೋ, ಅಡೀಗೆ ಡೀಸೆಲ್ ಒಡ್ಸಿದ್ಯಾ?"

"ಆಯುಧಪೂಜೆಗೂ ಒಡ್ಸಿದ್ದೆ, ಯುಗಾದಿಗೂ ಒಡ್ಸ್ದೆ. ವಾಟರ್ ಸರ್ವೀಸ್ ಆದ್ಮೇಲೆ ಎಲ್ರೂ ಒಡುಸ್ತಾರಲ್ಲಕ್ಕ, ತುಕ್ಕು ಇಡೀಬಾರ್ದು ಅಂತ."

"ಡೀಸೆಲ್ ಕುಡುದ್ರೆ ರಬ್ಬರ್ ಕೊಳೀತದೆ ಕಣ್ಲಾ!"

ಪ್ರಸನ್ನನ ಮುಖ ಸಪ್ಪಗಾಯಿತು. ಬಯ್ಯಲು ಹೊತ್ತಿರಲಿಲ್ಲ. ರಬ್ಬರ್ ಬೇಕಿತ್ತು, ಅದೂ ಗಟ್ಟಿಯಾದದ್ದು.

"ನನ್ ಮೆಟ್ಟು ಟೈರಿಂದು. ಕುಯ್ಯಿ," ಎಂದ ನಿಂಗಯ್ಯ.

"ಅಪ್ಪ, ನೀನು ಆಸೆಪಟ್ಟು ಒಲ್ಸಿದ್ದು..."

"ಕಾಲೇ ಮುರ್ದದೆ, ಮೆಟ್ಟು ಕಟ್ಕಂಡು ಏನ್ ಮಾಡ್ಲಿ? ಬಿರ್ನೆ ಕುಯ್ಯವ್ವ."

ಅವನ ಸೊಂಟದ ಮಚ್ಚಿನಿಂದಲೇ ಎಡಗಾಲಿನ ಮೆಟ್ಟಿನ ಅಟ್ಟೆ ಸೀಳಿ, ನಟ್ಟು ಬಿಚ್ಚಿ, ಪಟ್ಟಿಯನ್ನು ಸುರುಳಿ ಸುತ್ತಿ ಬಳೆಗೆ ತುರುಕಿದಳು. ಅರ್ಧಕ್ಕೇ ಸಿಕ್ಕಿಕೊಂಡಿತು. ಸುತ್ತಿಗೆ ಎತ್ತಿದವಳು ಕೈ ತಡೆದಳು. ಒಂದೇ ಒಂದು ಏಟಿನ ಸದ್ದು ಸಾಕಿತ್ತು, ಆನೆ ತಿರುಗಲು. ದಪ್ಪ ವಾಷರ್ ಇಟ್ಟು, ನಟ್ಟನ್ನು ಸ್ಪ್ಯಾನರಿನಿಂದ ಒಂದೊಂದೇ ಸುತ್ತು ಬಿಗಿದಳು. ರಬ್ಬರ್ ಕೂದಲೆಳೆಯಷ್ಟು ಒಳಗೆ ಸರಿಯಿತು. ಮತ್ತಷ್ಟು ಸರಿಯಿತು.

ಅಷ್ಟರಲ್ಲಿ ಬಿದಿರು ಮುರಿಯುವ ಸದ್ದು ನಿಂತಿತು.

ಅದು ಹೆಚ್ಚು ಭಯ ಹುಟ್ಟಿಸಿತು. ಅವಳ ಬೆನ್ನಿನ ಕೆಳಗೆ ತರಗೆಲೆಗಳು ತಣ್ಣಗೆ ಅಲುಗಿದವು. ಗಾಳಿ ತಿರುಗಿತ್ತು.

"ವಾಸ್ನೆ ಸಿಕ್ತು ಅದ್ಕೆ," ನಿಂಗಯ್ಯ ಸೀಟಿನಿಂದ ಕತ್ತೆತ್ತಿದ. "ಅತ್ತವ್ವ, ಗಾಡಿ ಅತ್ತು!"

ಕೊನೆಯ ಸುತ್ತು. ಪ್ರಸನ್ನ ಅಕ್ಕನ ಎರಡೂ ಕಾಲು ಹಿಡಿದು ಹೊರಗೆಳೆದ. ಮೆಳೆ ಇಬ್ಭಾಗವಾಯಿತು. ದೊಡ್ಡ ಹೆಣ್ಣಾನೆ ಕಿವಿ ಅಗಲಿಸಿ ದಾರಿಗೆ ಬಂತು. ಅದರ ಹೊಟ್ಟೆಯಡಿಯಲ್ಲಿ ಮರಿಯಿತ್ತು.

ಎಂಜಿನ್ ಕೆರಳಿತು. ಗಾಡಿ ಇಳಿಜಾರಿಗೆ ನುಗ್ಗಿತು. ಒಂದು ಗುಂಡಿ. ಸದ್ದಿಲ್ಲ. ಇನ್ನೊಂದು ಗುಂಡಿ. ಸದ್ದಿಲ್ಲ. ತಿರುವಿನಲ್ಲಿ ಅವಳು ಬ್ರೇಕು ತುಳಿದಳು. ಬ್ರೇಕು ಹಿಡಿಯಿತು. ನೀರು ಚಿಮ್ಮಿಸಿ ಗಾಡಿ ಆಚೆ ದಡ ಹತ್ತಿತು. ಕನ್ನಡಿಯಲ್ಲಿ ನೋಡಿದರೆ ಆನೆ ಇಳಿಜಾರಿನ ತುದಿಯಲ್ಲಿ ನಿಂತು ಮಣ್ಣು ಎರಚಿಕೊಳ್ಳುತ್ತಿತ್ತು.

ಕತ್ತಲಾಗುವ ಹೊತ್ತಿಗೆ ಮಳವಳ್ಳಿ ಆಸ್ಪತ್ರೆ ತಲುಪಿದರು. ಕಾಲಿಗೆ ಪಟ್ಟಿ ಕಟ್ಟಿದ ನರ್ಸು ಮಂಚದಡಿ ಬಗ್ಗಿ ನೋಡಿದಳು. ಬಲಗಾಲಿನದೊಂದೇ ಮೆಟ್ಟು ಇತ್ತು.

"ಇನ್ನೊಂದೆಲ್ಲಿ ತಾತ?"

ನಿಂಗಯ್ಯ ಕಿಟಕಿಯಾಚೆ ನಿಂತಿದ್ದ ಗಾಡಿಯತ್ತ ಗಲ್ಲ ಎತ್ತಿದ.

"ಅದು ಆಕ್ಕಂಡದೆ ಕಣವ್ವ. ನನ್ ಕಾಲು ವಾಸಿಯಾಗಗಂಟ ಅದೇ ಮೆಟ್ಕಳ್ಳಿ."

ಪ್ರಸನ್ನ ತಲೆ ತಗ್ಗಿಸಿದ. ಶೋಭಿತಾ ಬೆಳಗಿನಿಂದ ತಡೆದಿದ್ದ ಅಳುವನ್ನು ನಗುವಿನ ಜೊತೆಗೇ ಬಿಟ್ಟಳು.