ಫ್ಲೋರಿನ್ ಆಂಟಿಯ ಹೆಜ್ಜೆ

ಮಣ್ಣಿನಡಿ ಹೂತುಹೋದ ರೋಮನ್ ಊರನ್ನು ಅಗೆಯದೆಯೇ ತೋರಿಸುವ ಯಂತ್ರವೊಂದಿದೆ. ಅದನ್ನು ಹೊತ್ತು ನಡೆಯುವವರ ಮೈಮೇಲೆ ಚೂರೂ ಕಬ್ಬಿಣ ಇರಬಾರದು; ಇದ್ದರೆ ಅವರ ಒಂದೊಂದು ಹೆಜ್ಜೆಯೂ ನಕ್ಷೆಯಲ್ಲಿ ಗುರುತಾಗಿ ಬೀಳುತ್ತದೆ. ಇಟಲಿಯ ಗೋಧಿ ಹೊಲದಲ್ಲಿ ನಾನು ಕೂದಲಿನ ಪಿನ್ನೂ ತೆಗೆದಿಡುತ್ತಿದ್ದೆ. ನಮ್ಮ ತಂಡದ ಮಂಗಳೂರಿನ ಫ್ಲೋರಿನ್ ಆಂಟಿ ಮಾತ್ರ ಮೊಣಕಾಲಿನೊಳಗೆ ಉಕ್ಕಿನ ಸರಳಿದ್ದರೂ ಹಟ ಹಿಡಿದು ನಡೆದರು.

"ಮ್ಯಾಪ್ ತುಂಬಾ ನಿಮ್ಮ ಕುಂಟು ಹೆಜ್ಜೆನೇ ಆಂಟಿ!" ಎಂದು ರೇಗಿಸಿದ್ದೆ.

"ಇರ್ಲಿ ಮಾರಾಯ್ತಿ, ರೋಮಿನವರಿಗೂ ಒಂದು ಕಂಪನಿ ಬೇಕಲ್ಲ?"

ಈ ಚಳಿಗಾಲ ಆಂಟಿ ತೀರಿಕೊಂಡರು.

ಮೊನ್ನೆ ಭಾನುವಾರ ಮಧ್ಯಾಹ್ನ ಎಡಿಸನ್ ಪಟ್ಟಣದ ನನ್ನ ಕೋಣೆಯಲ್ಲಿ ಆ ಹೊಲದ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಶುಚಿ ಮಾಡಲು ಕುಳಿತೆ. ಆಂಟಿಯ ಹೆಜ್ಜೆಗುರುತು ಅಳಿಸದಿದ್ದರೆ ಊರು ಕಾಣದು. ಅಳಿಸಿದರೆ ಆಂಟಿ ನಡೆದದ್ದಕ್ಕೆ ಉಳಿದಿದ್ದ ಕೊನೆಯ ಕುರುಹೂ ಹೋಗುತ್ತದೆ. ಅಳುತ್ತಲೇ ಅಳಿಸಿದೆ. ಬೀದಿಗಳು, ಮನೆಗಳು ನಿಧಾನವಾಗಿ ಮೂಡಿದವು. ಕಿಟಕಿಯಾಚೆ ಹಿಮವಿತ್ತು; ಕೋಣೆಯೊಳಗೆ ಬಿಸಿಲಿಗೆ ಕಾದ ಗೋಧಿಹುಲ್ಲಿನ ವಾಸನೆ.

ಹೆಜ್ಜೆಗಳು ಮತ್ತೆ ಕಂಡವು. ನಾವು ಹೊಲದಲ್ಲಿ ಹಗ್ಗದ ಗುಂಟ ನೇರವಾಗಿಯಷ್ಟೇ ನಡೆದಿದ್ದೆವು. ಇವು ಮಣ್ಣಿನಡಿಯ ಬೀದಿ ಹಿಡಿದು, ಮೂಲೆಯಲ್ಲಿ ತಿರುಗಿ, ಒಂದು ಮನೆಯ ಬಾಗಿಲಿನಿಂದ ಒಳಹೋಗಿವೆ.

ಹೊಸ್ತಿಲಿನವರೆಗೆ ಅದೇ ಕುಂಟು. ಒಳಗಿನ ಹೆಜ್ಜೆಗಳು ಕುಂಟುವುದಿಲ್ಲ.