ಹನ್ನೆರಡನೆಯ ಪುಸ್ತಕ

ಹನ್ನೊಂದು ಪತ್ತೇದಾರಿ ಕಾದಂಬರಿಗಳನ್ನು ಟೈಪು ಮಾಡಿದ ಕೈಗೆ ಹನ್ನೆರಡನೆಯದು ಸಪ್ಪೆ ಎಂದು ತಿಳಿಯಲು ಒಂದು ಅಧ್ಯಾಯ ಸಾಕಾಯಿತು. ಅಯ್ಯೋ, ಇದೇನು ಗತಿ! ಕೊಲೆಗಾರರ ಬೆವರಿಳಿಸುತ್ತಿದ್ದ ಬಿಳಿಮೀಸೆ ಪತ್ತೇದಾರ ಈ ಸಲ ಹೆಂಡತಿಯ ಪಕ್ಕ ಕೂತು ಹಳೆಯ ದಿನಗಳನ್ನು ನೆನೆಯುತ್ತಾನೆ, ಅಷ್ಟೇ. ಹೆಣವಿಲ್ಲ, ಸುಳಿವಿಲ್ಲ. ಹೆಂಡತಿ ಮಕ್ಕಳಿಲ್ಲದ ಟೈಪಿಸ್ಟನಿಗೆ ತನ್ನವನೆಂದು ಇದ್ದದ್ದು ಆ ಬಿಳಿಮೀಸೆಯೊಬ್ಬನೇ. ಜನ ಅವನನ್ನು ಆಡಿಕೊಂಡು ನಗುವುದನ್ನು ಹೇಗೆ ಸಹಿಸುವುದು?

ಪ್ರತಿ ಪುಸ್ತಕದ ಕೊನೆಯ ಸಾಲೂ ಟೈಪಿಸ್ಟನಿಗೆ ಬಾಯಿಪಾಠ. ಈ ಬಾರಿ ಮಾತ್ರ ಅಲ್ಲಿಯವರೆಗೆ ಓದುವ ಮನಸ್ಸೇ ಆಗಲಿಲ್ಲ.

ಉಪಾಯ ಸುಲಭವಾಗಿತ್ತು. ಲೇಖಕರ ಕಾಗೆಕಾಲು ಗುಬ್ಬಿಕಾಲು ಅಕ್ಷರ ಅವನೊಬ್ಬನಿಗೇ ಅರ್ಥವಾಗುತ್ತಿದ್ದುದು. ಪ್ರಕಾಶಕರು ನೋಡುತ್ತಿದ್ದುದು ಟೈಪಾದ ಪ್ರತಿಯನ್ನಷ್ಟೇ. ಲೇಖಕರು ಆಸ್ಪತ್ರೆಯಲ್ಲಿ, ಇವತ್ತೋ ನಾಳೆಯೋ ಎನ್ನುವ ಸ್ಥಿತಿ. ಅವರ ಹೆಂಡತಿಗೆ ಕಣ್ಣು ಕಾಣದು. ಇನ್ನು ಕೇಳುವವರು ಯಾರು? ಹಿತ್ತಿಲಿನಲ್ಲಿ ತಗಡಿನ ಡಬ್ಬಿಯೊಳಗೆ ಹಾಳೆಗಳನ್ನೆಲ್ಲ ಸುಟ್ಟು ಬೂದಿಯನ್ನು ಗಿಡಗಳ ಬುಡಕ್ಕೆ ಸುರಿದ. ಆಮೇಲೆ ತಾನೇ ಬರೆದ: ಬೀಗ ಹಾಕಿದ ಕೋಣೆಯಲ್ಲೊಂದು ಹೆಣ, ಮೂವರ ಮೇಲೆ ಅನುಮಾನ, ಕಟ್ಟಕಡೆಗೆ ಬಿಳಿಮೀಸೆಯ ಗೆಲುವಿನ ನಗು. ಎಲ್ಲೂ ಹೊಲಿಗೆ ಕಾಣದಂತೆ ಬರೆದ.

ಆಸ್ಪತ್ರೆಗೆ ಹೋದಾಗ ಲೇಖಕರು ಅವನ ಕೈ ಹಿಡಿದುಕೊಂಡರು.

"ಹೇಗಿದೆಯೋ?"

"ಎಲ್ಲದಕ್ಕಿಂತ ಇದೇ ಚೆನ್ನಾಗಿದೆ, ಸರ್."

ಅವರ ಕಣ್ಣು ತುಂಬಿ ಬಂತು. "ಇದೊಂದನ್ನ ಅವಳಿಗೆ ಓದಿ ಹೇಳಿಲ್ಲ. ಅಚ್ಚಾದ ಮೇಲೆ ನೀನೇ ಓದಿ ಹೇಳಪ್ಪ."

ಅವನು ಹೂಂ ಎಂದು ತಲೆಯಾಡಿಸಿದ. ಅವರ ಹೆಂಡತಿಗೂ ಕತೆ ಗೊತ್ತಿಲ್ಲವೆಂದು ತಿಳಿದು ನೆಮ್ಮದಿಯಾಯಿತು. ಅದೇ ವಾರ ಲೇಖಕರು ತೀರಿಕೊಂಡರು.

ಪುಸ್ತಕ ಅಂಗಡಿಗೆ ಬರುವ ಮೊದಲೇ ಒಂದು ಪ್ರತಿ ಹಿಡಿದು ಅವನು ಲೇಖಕರ ಮನೆಗೆ ಹೋದ. ಅವನು ಅಮ್ಮ ಎಂದು ಕರೆಯುತ್ತಿದ್ದ ಲೇಖಕರ ಹೆಂಡತಿ ರಟ್ಟನ್ನು ಸವರಿ ಪುಸ್ತಕವನ್ನು ಎದೆಗೊತ್ತಿಕೊಂಡರು.

"ಮೊದಲು ಕೊನೇ ಪುಟ ಓದಪ್ಪ," ಎಂದರು. "ನಿಂಗೆ ಗೊತ್ತಿರಲಿಕ್ಕಿಲ್ಲ. ಹನ್ನೊಂದು ಪುಸ್ತಕಕ್ಕೂ ಕೊನೇ ಸಾಲು ನಾನು ಹೇಳ್ಕೊಟ್ಟಿದ್ದು. 'ಕತೆ ನಂದು, ಬಾಗಿಲು ಹಾಕೋಳು ನೀನು' ಅಂತ ನಗೋರು. ಈ ಸಲ ಅವರು ಆಸ್ಪತ್ರೆಗೆ ಹೊರಟಾಗ, 'ನಾನೊಬ್ಳೇ ಏನ್ ಮಾಡ್ಲಿ?' ಅಂದೆ. ಅದನ್ನೇ ಕೊನೇಲಿ ಬರ್ಕೊಂಡ್ರು. ಅದರ ಕೆಳಗೆ ಉತ್ತರಾನೂ ಬರೆದ್ರು. ಏನಂತ ಕೇಳಿದ್ರೆ, ಅಚ್ಚಾಗ್ಲಿ ತಡಿ ಅಂದ್ರು. ಓದು, ಏನಂದಿದಾರೆ?" ಅವನು ಕೊನೆಯ ಪುಟ ತೆರೆದ. ಅಲ್ಲಿ ಬಿಳಿಮೀಸೆ ನಗುತ್ತಿದ್ದ. ಅಮ್ಮ ಕಿವಿಗೊಟ್ಟು ಕಾಯುತ್ತ ಕೂತಿದ್ದರು.